ವಯಸ್ಸಾದವರ ಮಿದುಳು, ಡೋಪಮಿನ್ ಮತ್ತು ಆಂಟಿಸೈಕೋಟಿಕ್ ಗುಳಿಗೆ: ಮನೆಯವರು ನೋಡಬೇಕಾದದ್ದು, ಕೇಳಬೇಕಾದದ್ದು

ನಲವತ್ತೈದರಲ್ಲಿ ದಿನಕ್ಕೆ 4 ಮಿ.ಗ್ರಾಂ ರಿಸ್ಪೆರಿಡೋನ್ ಎಂಬ ಆಂಟಿಸೈಕೋಟಿಕ್ (ಮನೋರೋಗದ) ಗುಳಿಗೆ ತೆಗೆದುಕೊಂಡು ಹೊಲ, ಸಂತೆ, ಮದುವೆ-ಮುಂಜಿ ಎಲ್ಲವನ್ನೂ ಸಂಭಾಳಿಸಿದವರು ಅರವತ್ತೆಂಟಕ್ಕೆ ಬರುವಾಗ ಅದೇ 4 ಮಿ.ಗ್ರಾಂ ಮೇಲೆ ಕಾಲೆಳೆದು ನಡೆಯತೊಡಗುತ್ತಾರೆ. ಮೊಮ್ಮಗ ಎದುರು ಬಂದರೂ ಮುಖದಲ್ಲಿ ನಗು ಮೂಡುವುದಿಲ್ಲ. ಕೈಯಲ್ಲಿ ಹಿಡಿದ ಬಸಿಯಿಂದ ಚಹಾ ತುಳುಕುತ್ತದೆ. "ವಯಸ್ಸಾತು, ಮೆತ್ತಗಾಗ್ಯಾರ" ಎಂದು ಮನೆಯವರು ಸುಮ್ಮನಾಗುತ್ತಾರೆ. ಗುಳಿಗೆ ಅದೇ, ಪ್ರಮಾಣ ಅದೇ. ಅದು ಹೋಗಿ ಮುಟ್ಟುವ ಮಿದುಳಿಗೆ ಮಾತ್ರ ಇಪ್ಪತ್ತಮೂರು ವರ್ಷ ಹೆಚ್ಚಾಗಿದೆ. ಈ ಮೆತ್ತಗಾಗುವಿಕೆಯಲ್ಲಿ ವಯಸ್ಸಿನ ಪಾಲೆಷ್ಟು, ಗುಳಿಗೆಯ ಪಾಲೆಷ್ಟು ಎಂದು ಬೇರ್ಪಡಿಸಲು ಬರುತ್ತದೆ. ಗುಳಿಗೆಯ ಪಾಲನ್ನು ಬಹಳ ಸಲ ಕಡಿಮೆ ಮಾಡಲೂ ಬರುತ್ತದೆ.

ಒಂದು ಮಾತು ಮೊದಲೇ. ಇಲ್ಲಿ ಬರುವ ಪ್ರಮಾಣಗಳು ವೈದ್ಯರ ಮುಂದೆ ಕೂತಾಗ ಸರಿಯಾದ ಪ್ರಶ್ನೆ ಕೇಳಲಿಕ್ಕೆ. ಮನೆಯಲ್ಲೇ ಗುಳಿಗೆ ಹೆಚ್ಚು-ಕಡಿಮೆ ಮಾಡಬೇಡಿ. ಒಮ್ಮೆಲೇ ನಿಲ್ಲಿಸುವುದಂತೂ ಬೇಡವೇ ಬೇಡ.

ಮಿದುಳಿನಲ್ಲಿ ಏನಾಗುತ್ತದೆ

ಡೋಪಮಿನ್ ಎಂದರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ಒಂದು ರಾಸಾಯನಿಕ. ಆಂಟಿಸೈಕೋಟಿಕ್ ಔಷಧಗಳ ಮುಖ್ಯ ಕೆಲಸ ಈ ಡೋಪಮಿನ್ ಸಂದೇಶವನ್ನು ತಡೆಯುವುದು. ನರಕೋಶಗಳ ಮೇಲಿರುವ ಡಿ2 ಎಂಬ ಗ್ರಾಹಕಗಳಲ್ಲಿ ಡೋಪಮಿನ್ ಬಂದು ಕೂರುವ ಜಾಗದಲ್ಲಿ ಔಷಧ ಹೋಗಿ ಕೂರುತ್ತದೆ. ಹೀಗೆ ಎಷ್ಟು ಪಾಲು ಗ್ರಾಹಕಗಳು ಮುಚ್ಚಿವೆ ಎಂಬುದನ್ನು ಪೆಟ್ ಸ್ಕ್ಯಾನ್‌ನಲ್ಲಿ ಅಳೆಯಬಹುದು. ಹರೆಯದವರಲ್ಲಿ ಸುಮಾರು ಶೇ 65ರಷ್ಟು ಮುಚ್ಚಿದಾಗ ಇಲ್ಲದ ದನಿ ಕೇಳುವುದು, ಅನುಮಾನ ತಗ್ಗುತ್ತವೆ. ಶೇ 78-80 ದಾಟಿದರೆ ಬಿಗಿತ, ನಡುಕ ಶುರುವಾಗುತ್ತವೆ. ಚಿಕಿತ್ಸೆಯೆಲ್ಲ ಈ ಎರಡು ಗೆರೆಗಳ ನಡುವಿನ ಜಾಗದಲ್ಲೇ ನಡೆಯಬೇಕು.

ವಯಸ್ಸಾದಂತೆ ಈ ಎರಡೂ ಗೆರೆಗಳು ಕೆಳಗಿಳಿಯುತ್ತವೆ. ವಯಸ್ಕರಲ್ಲಿ ಹತ್ತು ವರ್ಷಕ್ಕೆ ಶೇ 5ರಿಂದ 10ರಷ್ಟು ಡಿ2 ಗ್ರಾಹಕಗಳು ಕಡಿಮೆಯಾಗುತ್ತ ಹೋಗುತ್ತವೆ, ಡೋಪಮಿನ್ ತಯಾರಿಸುವ ನರಕೋಶಗಳೂ ಸವೆಯುತ್ತವೆ. ಕೆರೆಯ ತೂಬನ್ನು ನೆನೆಸಿಕೊಳ್ಳಿ. ತುಂಬಿದ ಕೆರೆಯಲ್ಲಿ ತೂಬು ಮುಕ್ಕಾಲು ಮುಚ್ಚಿದರೂ ಕಾಲುವೆಗೆ ನೀರು ರಭಸದಿಂದ ಬರುತ್ತದೆ. ಬೇಸಿಗೆಯಲ್ಲಿ ಅರ್ಧಕ್ಕಿಳಿದ ಕೆರೆಯಲ್ಲಿ ಅಷ್ಟೇ ಮುಚ್ಚಿದರೆ ಕೊನೆಯ ಹೊಲಕ್ಕೆ ಹನಿಯೂ ಮುಟ್ಟುವುದಿಲ್ಲ. ನಡಿಗೆ, ಮುಖಭಾವ, ನುಂಗುವುದು, ಇವೆಲ್ಲ ಆ ಕೊನೆಯ ಹೊಲಗಳು.

ಟೊರಾಂಟೊದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ನೇರವಾಗಿ ಅಳೆಯಿತು. 50 ವರ್ಷ ದಾಟಿದ, ಸ್ಕಿಜೋಫ್ರೇನಿಯಾ (ಇಲ್ಲದ ದನಿ, ಅನುಮಾನ ಕಾಡುವ ಮನೋರೋಗ) ಹತೋಟಿಯಲ್ಲಿದ್ದವರಿಗೆ ಓಲಾಂಜಪೈನ್ ಅಥವಾ ರಿಸ್ಪೆರಿಡೋನ್ ಪ್ರಮಾಣವನ್ನು ಮೆಲ್ಲಗೆ ಶೇ 40ರವರೆಗೆ ಇಳಿಸಿ, ಮುಂಚೆ ಮತ್ತು ಆಮೇಲೆ ಪೆಟ್ ಸ್ಕ್ಯಾನ್ ಮಾಡಿದರು. ಶೇ 50ರಷ್ಟು ಗ್ರಾಹಕ ಮುಚ್ಚಿದ್ದರೂ ಹೆಚ್ಚಿನವರು ಸ್ಥಿರವಾಗಿಯೇ ಉಳಿದರು. ಶೇ 60 ದಾಟಿದವರಲ್ಲಿ ಬಿಗಿತ-ನಡುಕ ಹೆಚ್ಚು ಕಂಡಿತು. ಎಂದರೆ ಹರೆಯದವರಿಗೆ 65ರಿಂದ 80ರ ನಡುವೆ ಇದ್ದ ಜಾಗ ವಯಸ್ಸಾದವರಲ್ಲಿ 50ರಿಂದ 60ಕ್ಕೆ ಇಳಿದು ಇಕ್ಕಟ್ಟಾಗುತ್ತದೆ. ಅರಿಪಿಪ್ರಜೋಲ್‌ಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ಅದು ಗ್ರಾಹಕವನ್ನು ಪೂರ್ತಿ ತಡೆಯದೆ ಅಲ್ಪಸ್ವಲ್ಪ ಚಾಲೂ ಇಡುತ್ತದೆ.

ಇದರ ಮೇಲೆ ದೇಹದ ಬದಲಾವಣೆ ಬೇರೆ. ನಲವತ್ತರ ಆಚೆ ಮೂತ್ರಪಿಂಡ ಸೋಸುವ ಶಕ್ತಿ ವರ್ಷವರ್ಷವೂ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಅಮಿಸಲ್ಪ್ರೈಡ್, ರಿಸ್ಪೆರಿಡೋನ್ ಮೈಯಲ್ಲಿ ಕರಗಿ ಆಗುವ ಸಕ್ರಿಯ ಅಂಶ, ಎರಡೂ ಹೆಚ್ಚಾಗಿ ಹೊರಹೋಗುವುದು ಮೂತ್ರಪಿಂಡದ ಮೂಲಕವೇ. ಮೈಯಲ್ಲಿ ನೀರಿನ ಪಾಲು ಕಡಿಮೆಯಾಗಿ ಕೊಬ್ಬಿನ ಪಾಲು ಹೆಚ್ಚಾಗುವುದರಿಂದ ಕೊಬ್ಬಿನಲ್ಲಿ ಕರಗುವ ಆಂಟಿಸೈಕೋಟಿಕ್‌ಗಳು ಹೆಚ್ಚು ಹೊತ್ತು ಉಳಿಯುತ್ತವೆ. ಒಂದೇ ಗುಳಿಗೆಯಿಂದ ರಕ್ತದಲ್ಲಿ ಔಷಧ ಹೆಚ್ಚು, ಮಿದುಳಿಗೆ ತಾಳುವ ಶಕ್ತಿ ಕಡಿಮೆ. ಎರಡೂ ಒಟ್ಟಿಗೆ ಬೀಳುತ್ತವೆ.

ಹರೆಯದ ಹುಡುಗರಲ್ಲಿ ಕಾಣುವ ತೊಂದರೆ ಬೇರೆ ತರಹದ್ದು. ಔಷಧ ಶುರುವಾದ ಕೆಲವೇ ದಿನಗಳಲ್ಲಿ ಕುತ್ತಿಗೆ ಒಂದು ಕಡೆ ಸೆಳೆಯುವುದು, ಕಣ್ಣುಗುಡ್ಡೆ ಮೇಲೆ ಹೊರಳಿ ನಿಲ್ಲುವುದು. ಇದು ವಯಸ್ಸಾದವರಲ್ಲಿ ಅಪರೂಪ. ಅವರಲ್ಲಿ ಬಿಗಿತ, ನಿಧಾನ, ಬಾಯಿ-ನಾಲಿಗೆಯ ಚಲನೆಗಳು ವಾರ-ತಿಂಗಳುಗಳಲ್ಲಿ ಸದ್ದಿಲ್ಲದೆ ಬರುತ್ತವೆ. ಅದಕ್ಕೇ ಕಣ್ತಪ್ಪುತ್ತವೆ.

ದವಾಖಾನೆಗೆ ಹೋಗುವ ಮುಂಚೆ

ಮನೆಯಲ್ಲಿರುವ ಎಲ್ಲ ಔಷಧಗಳನ್ನೂ ಒಂದು ಚೀಲಕ್ಕೆ ಹಾಕಿ ಒಯ್ಯಿರಿ. ಎಲ್ಲ ಎಂದರೆ ಗ್ಯಾಸಿನದು, ತಲೆಸುತ್ತಿನದು, ವಾಂತಿಯದು, ಪಕ್ಕದ ಔಷಧ ಅಂಗಡಿಯಲ್ಲಿ ಚೀಟಿ ಇಲ್ಲದೆ ತಂದದ್ದು, ಎಲ್ಲ. ಈ ಹೆಜ್ಜೆಗೆ ನಾವು ಎಲ್ಲಕ್ಕಿಂತ ಹೆಚ್ಚು ಒತ್ತು ಕೊಡುತ್ತೇವೆ, ಯಾಕೆಂದರೆ ಡೋಪಮಿನ್ ತಡೆಯುವ ಔಷಧಗಳು ಮನೋರೋಗದ ಚೀಟಿಯಲ್ಲಷ್ಟೇ ಇರುವುದಿಲ್ಲ. ಹೊಟ್ಟೆಯುರಿಗೆ ಕೊಡುವ ಎಷ್ಟೋ ಕ್ಯಾಪ್ಸೂಲ್‌ಗಳಲ್ಲಿ ಪ್ಯಾಂಟೊಪ್ರಜೋಲ್ ಅಥವಾ ರಬೆಪ್ರಜೋಲ್ ಜೊತೆ 75 ಮಿ.ಗ್ರಾಂ ಲೆವೋಸಲ್ಪಿರೈಡ್ ಸೇರಿರುತ್ತದೆ. ವಾಂತಿಗೆ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ಪ್ರೊಕ್ಲೋರ್‌ಪೆರಜೀನ್, ಸಿನ್ನರಿಜೀನ್, ಅರೆತಲೆನೋವಿಗೆ ಫ್ಲೂನರಿಜೀನ್. ಇವೆಲ್ಲ ಅದೇ ತೂಬನ್ನು ಇನ್ನಷ್ಟು ಮುಚ್ಚುತ್ತವೆ. ರಿಸ್ಪೆರಿಡೋನ್ 1 ಮಿ.ಗ್ರಾಂ ಮೇಲೆ ಚೆನ್ನಾಗಿದ್ದವರು ಗ್ಯಾಸಿನ ಕ್ಯಾಪ್ಸೂಲ್ ಶುರುವಾದ ಎರಡು-ಮೂರು ತಿಂಗಳಲ್ಲಿ ಮರದ ಬೊಂಬೆಯಂತಾದರೆ ಮೊದಲು ಆ ಕ್ಯಾಪ್ಸೂಲ್ ಪಟ್ಟಿಯ ಹಿಂದಿನ ಸಣ್ಣ ಅಕ್ಷರ ಓದಿ. ಮನೋರೋಗದ ಔಷಧವನ್ನೇ ತೆಗೆದುಕೊಳ್ಳದ ಅಜ್ಜಿಗೂ ಇದರಿಂದ ಪಾರ್ಕಿನ್ಸನ್ ತರಹದ ನಡುಕ ಬರಬಹುದು.

ಬೀಡಿ-ಸಿಗರೇಟಿನ ಲೆಕ್ಕ ಬರೆದುಕೊಳ್ಳಿ. ಹೊಗೆಯಲ್ಲಿರುವ ಪದಾರ್ಥಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕು ಮಾಡಿ ಓಲಾಂಜಪೈನ್, ಕ್ಲೋಜಪೈನ್‌ಗಳನ್ನು ಬೇಗ ಕರಗಿಸುತ್ತವೆ. ದಿನಕ್ಕೊಂದು ಕಟ್ಟು ಸೇದುವವರು ಆಪರೇಷನ್‌ಗೆಂದೋ ದಮ್ಮಿಗೆಂದೋ ದವಾಖಾನೆ ಸೇರಿ ಬೀಡಿ ಬಿಟ್ಟರೆ ಒಂದು ವಾರದೊಳಗೆ ರಕ್ತದಲ್ಲಿ ಔಷಧ ಏರುತ್ತದೆ. ಕ್ಲೋಜಪೈನ್ ಒಂದೂವರೆ ಪಟ್ಟಿನವರೆಗೂ ಏರಬಹುದು. ಬೀಡಿ ಬಿಡುವುದು ಒಳ್ಳೆಯದೇ, ಬಿಡುವ ಮುಂಚೆ ಮನೋವೈದ್ಯರಿಗೆ ತಿಳಿಸಿ ಪ್ರಮಾಣ ಇಳಿಸಿಕೊಳ್ಳಬೇಕು ಅಷ್ಟೇ. ಜಗಿಯುವ ತಂಬಾಕಿಗೆ ಈ ಗುಣವಿಲ್ಲ. ಈ ಪರಿಣಾಮ ಹೊಗೆಯದು, ನಿಕೋಟಿನ್‌ನದಲ್ಲ.

ಇತ್ತೀಚಿನ ಕ್ರಿಯಾಟಿನಿನ್ (ಮೂತ್ರಪಿಂಡದ ಶಕ್ತಿ ತಿಳಿಸುವ ರಕ್ತಪರೀಕ್ಷೆ), ಸೋಡಿಯಂ, ಸಕ್ಕರೆ ವರದಿ ಮತ್ತು ಇಸಿಜಿ ಇದ್ದರೆ ಒಯ್ಯಿರಿ. ಹ್ಯಾಲೋಪೆರಿಡಾಲ್, ಅಮಿಸಲ್ಪ್ರೈಡ್ ಶುರು ಮಾಡುವ ಮುಂಚೆ ಇಸಿಜಿ ಬೇಕು ಎಂದು ನೀವೇ ಕೇಳಬಹುದು. ಹೃದಯದ ಲಯ ಕೆಡುವ ಸಾಧ್ಯತೆ ಇದೆಯೇ ಎಂದು ಅದರಲ್ಲಿ ತಿಳಿಯುತ್ತದೆ.

ಮನೆಯಲ್ಲಿ ಅಳೆಯುವ ಬಗೆ

ಹೊಸ ಗುಳಿಗೆ ಶುರುವಾಗುವ ಮುಂಚೆ ಒಮ್ಮೆ, ಆಮೇಲೆ ಎರಡು ವಾರಕ್ಕೊಮ್ಮೆ, ಸ್ಥಿರವಾದ ಮೇಲೆ ತಿಂಗಳಿಗೊಮ್ಮೆ. ಯಾವಾಗಲೂ ಒಂದೇ ಹೊತ್ತಿನಲ್ಲಿ ನೋಡಿ. ಎಲ್ಲ ಸೇರಿ ಹತ್ತು ನಿಮಿಷ ಸಾಕು.

ನಡಿಗೆ: ಕೈಯಿರುವ ಕುರ್ಚಿಯಿಂದ 3 ಮೀಟರ್ ದೂರಕ್ಕೆ ನೆಲದಲ್ಲಿ ಸುಣ್ಣದ ಗೆರೆ ಎಳೆಯಿರಿ. ಎದ್ದು, ಗೆರೆವರೆಗೆ ನಡೆದು, ತಿರುಗಿ, ಬಂದು ಕೂರುವವರೆಗೆ ಮೊಬೈಲಿನಲ್ಲಿ ಸೆಕೆಂಡು ಎಣಿಸಿ. 12 ಸೆಕೆಂಡ್ ಅಥವಾ ಹೆಚ್ಚಾದರೆ ಬೀಳುವ ಅಪಾಯವಿದೆ. ಮಂಡಿನೋವು ಇದ್ದವರಿಗೆ ಮೊದಲೇ ಹೆಚ್ಚಿರುತ್ತದೆ, ಆದ್ದರಿಂದ ಅವರವರ ಹಳೆಯ ಅಂಕಿಯ ಜೊತೆಗೇ ಹೋಲಿಸಿ. ನಡೆಯುವಾಗ ಕೈ ಬೀಸುತ್ತಿವೆಯೇ, ತಿರುಗಲು ಎಷ್ಟು ಸಣ್ಣ ಹೆಜ್ಜೆ ಬೇಕಾದವು, ನೋಡಿ. ಅರ್ಧ ನಿಮಿಷದ ವಿಡಿಯೊ ತೆಗೆದಿಡಿ. ಒ.ಪಿ.ಡಿ. ಗದ್ದಲದಲ್ಲಿ ವೈದ್ಯರಿಗೆ ಹತ್ತು ವಾಕ್ಯ ಹೇಳುವುದಕ್ಕಿಂತ ಎರಡು ತಿಂಗಳ ಅಂತರದ ಎರಡು ವಿಡಿಯೊ ತೋರಿಸುವುದು ಮೇಲು.

ಕೈ: ಪಿಂಚಣಿ ಚೀಟಿಗೆ ಹಾಕುವ ಸಹಿಯನ್ನೇ ಒಂದು ವಹಿಯಲ್ಲಿ ಪ್ರತಿ ಸಲ ಹಾಕಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಅಕ್ಷರ ಕಿರಿದಾಗುತ್ತ ಹೋದರೆ ಡೋಪಮಿನ್ ಕಡಿಮೆಯಾಗಿದೆ ಎಂಬ ಸೂಚನೆ. ಓದು-ಬರಹ ಇಲ್ಲದವರಿಗೆ ಅವರ ಕೈಗೆ ರೂಢಿಯಾದ ಕೆಲಸ ಕೊಡಿ. ಹತ್ತು ಹೂಬತ್ತಿ ಹೊಸೆಯಲು ಹಿಡಿಯುವ ಹೊತ್ತು, ಅಂಗಿಯ ಗುಂಡಿ ಹಾಕಲು ಹಿಡಿಯುವ ಹೊತ್ತು. ರೊಟ್ಟಿ ಬಡಿಯುವ ತಾಳ ಮಂದವಾಗಿದೆ ಎಂದು ಅತ್ತೆಯನ್ನು ದಿನಾ ನೋಡುವ ಸೊಸೆ ಹೇಳಿದರೆ ಅದನ್ನೂ ಬರೆದುಕೊಳ್ಳಿ. ಅದು ಯಾವ ಯಂತ್ರಕ್ಕೂ ಸಿಗದ ಮಾಹಿತಿ.

ಬಾಯಿ: ತಂಬಾಕು, ಅಡಿಕೆ, ಎಲೆ ಏನಿದ್ದರೂ ಉಗುಳಿಸಿ, ಬಾಯಿ ಮುಕ್ಕಳಿಸಿಸಿ. ಹಲ್ಲಿನ ಸೆಟ್ ಸಡಿಲವಿದ್ದರೆ ತೆಗೆಸಿ, ಯಾಕೆಂದರೆ ಸಡಿಲ ಸೆಟ್ ಕೂಡ ಬಾಯಿ ಆಡಿಸುತ್ತದೆ. ಬಾಯಿ ತೆರೆದು ನಾಲಿಗೆಯನ್ನು ಒಳಗೇ ಸಡಿಲ ಬಿಡಲು ಹೇಳಿ, 20 ಸೆಕೆಂಡ್ ನೋಡಿ. ಹುಳು ಹೊರಳಿದಂತೆ ನಾಲಿಗೆ ಆಡುವುದು, ತುಟಿ ಚಪ್ಪರಿಸುವುದು, ದವಡೆ ಅತ್ತಿತ್ತ ಸರಿಯುವುದು ಕಂಡರೆ ಟಾರ್ಡಿವ್ ಡಿಸ್ಕೈನೀಸಿಯಾ, ಎಂದರೆ ಔಷಧದಿಂದ ತಾನಾಗಿ ಬರುವ ಚಲನೆ, ಇರಬಹುದು. ಹಳೆಯ ಕಾಲದ ಆಂಟಿಸೈಕೋಟಿಕ್‌ಗಳ ಮೇಲೆ ಹರೆಯದವರಲ್ಲಿ ಮೊದಲ ವರ್ಷ ಸುಮಾರು ಶೇ 5 ಮಂದಿಗೆ ಇದು ಬಂದರೆ ವಯಸ್ಸಾದವರಲ್ಲಿ ಕಾಲುಭಾಗದಷ್ಟು ಮಂದಿಗೆ ಬರುತ್ತದೆ. ಹೊಸ ಔಷಧಗಳಲ್ಲಿ ಕಡಿಮೆ, ಆದರೆ ಇಲ್ಲವೆಂದಲ್ಲ. ಬೇಗ ಗೊತ್ತಾದಷ್ಟೂ ಹಿಂದಿರುಗುವ ಸಾಧ್ಯತೆ ಹೆಚ್ಚು.

ರಕ್ತದೊತ್ತಡ: 5 ನಿಮಿಷ ಮಲಗಿಸಿ ಅಳೆಯಿರಿ. ಎದ್ದು ನಿಂತ 1 ನಿಮಿಷಕ್ಕೆ, 3 ನಿಮಿಷಕ್ಕೆ ಮತ್ತೆ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ತಿಳಿಸಲೇಬೇಕು. ಕ್ವಿಟಿಯಪೈನ್, ರಿಸ್ಪೆರಿಡೋನ್, ಕ್ಲೋಜಪೈನ್ ಮೇಲಿರುವವರು ರಾತ್ರಿ ಮೂತ್ರಕ್ಕೆ ಎದ್ದು ಬೀಳುವುದು ಬಹಳ ಸಲ ಇದರಿಂದಲೇ. ಹಾಸಿಗೆ ಅಂಚಿನಲ್ಲಿ ಒಂದು ನಿಮಿಷ ಕೂತು ಏಳುವ ರೂಢಿ ಮಾಡಿಸಿ, ಬಚ್ಚಲಿನ ದಾರಿಯಲ್ಲಿ ಸಣ್ಣ ದೀಪ ಉರಿಸಿಡಿ. ಏಪ್ರಿಲ್-ಮೇ ತಿಂಗಳಲ್ಲಿ ನೀರು-ಮಜ್ಜಿಗೆ ಕಡಿಮೆಯಾದರೆ ಒತ್ತಡ ಇನ್ನೂ ಕುಸಿಯುತ್ತದೆ.

ತಳಮಳ: ಇದನ್ನು ಅಳೆಯುವುದಕ್ಕಿಂತ ಗುರುತಿಸುವುದು ಮುಖ್ಯ. ಗುಳಿಗೆ ಹೆಚ್ಚಿಸಿದ ಕೆಲವು ದಿನ-ವಾರಗಳಲ್ಲಿ ಕೂತಲ್ಲಿ ಕೂರಲಾಗದೆ ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗುವುದು, ನಿಂತಲ್ಲೇ ಕಾಲು ಬದಲಿಸುವುದು, "ಒಳಗ ಏನೋ ಕುದದಂಗ ಆಗತೈತಿ" ಎನ್ನುವುದು. ಇದು ಅಕಥೀಸಿಯಾ, ಔಷಧದ ಪರಿಣಾಮ. ಮನೆಯವರು "ರೋಗ ಜಾಸ್ತಿ ಆಗೇತ್ರಿ" ಎಂದು ಹೇಳಿದರೆ ಪ್ರಮಾಣ ಇನ್ನೂ ಏರುತ್ತದೆ, ತಳಮಳವೂ ಏರುತ್ತದೆ. "ಗುಳಗಿ ಹೆಚ್ಚ ಮಾಡಿದ ಮ್ಯಾಲೆ ಶುರುವಾಗೇತ್ರಿ" ಎಂದು ತಾರೀಖು ಸಮೇತ ಹೇಳಿ. ಈ ಒಂದು ವಾಕ್ಯ ಚಿಕಿತ್ಸೆಯ ದಿಕ್ಕನ್ನೇ ಬದಲಿಸಬಲ್ಲದು.

ಪ್ರಮಾಣದ ಅಂದಾಜು

ವಯಸ್ಸಾದವರಲ್ಲಿ ಶುರುವಿನ ಪ್ರಮಾಣ ಹರೆಯದವರ ಕಾಲುಭಾಗದಿಂದ ಅರ್ಧ. ಹ್ಯಾಲೋಪೆರಿಡಾಲ್ 0.25ರಿಂದ 0.5 ಮಿ.ಗ್ರಾಂ, ರಿಸ್ಪೆರಿಡೋನ್ 0.25ರಿಂದ 0.5, ಓಲಾಂಜಪೈನ್ 2.5, ಕ್ವಿಟಿಯಪೈನ್ 12.5ರಿಂದ 25, ಅರಿಪಿಪ್ರಜೋಲ್ 2ರಿಂದ 5. ಮರೆಗುಳಿ ಕಾಯಿಲೆಯಲ್ಲಿ ರಿಸ್ಪೆರಿಡೋನ್ ಸಾಮಾನ್ಯವಾಗಿ ದಿನಕ್ಕೆ 1 ಮಿ.ಗ್ರಾಂ ಆಸುಪಾಸಿನಲ್ಲೇ ನಿಲ್ಲಬೇಕು. ಅರವತ್ತರ ನಂತರ ಮೊದಲ ಬಾರಿಗೆ ಬರುವ ಅನುಮಾನದ ರೋಗಕ್ಕೆ ಅಮಿಸಲ್ಪ್ರೈಡ್ ದಿನಕ್ಕೆ ಬರೀ 100 ಮಿ.ಗ್ರಾಂ ಕೆಲಸ ಮಾಡುತ್ತದೆ ಎಂದು ಬ್ರಿಟನ್ನಿನ ಅಟ್ಲಾಸ್ ಪ್ರಯೋಗ 2018ರಲ್ಲಿ ತೋರಿಸಿತು. ಹರೆಯದವರಿಗೆ ಅದೇ ಔಷಧವನ್ನು 400ರಿಂದ 800 ಕೊಡುವುದಿದೆ.

ಅರಿಪಿಪ್ರಜೋಲ್ ಅರ್ಧಕ್ಕಿಳಿಯಲು ಸುಮಾರು 75 ಗಂಟೆ ಬೇಕು. ಎರಡು ವಾರ ಕಾಯದೆ ಪ್ರಮಾಣ ಏರಿಸಿದರೆ ಹಳೆಯದು ಪೂರ್ತಿ ಕೂರುವ ಮುಂಚೆ ಹೊಸದು ಬಿದ್ದಂತೆ. ಫ್ಲೂಫೆನಜೀನ್, ಹ್ಯಾಲೋಪೆರಿಡಾಲ್ ಡಿಕನೊಯೇಟ್ ಸೂಜಿ ವಯಸ್ಸಾದವರಿಗೆ ಹೊಸದಾಗಿ ಶುರು ಮಾಡುವಾಗ ಎರಡು ಸಲ ಯೋಚಿಸಬೇಕು. ಗುಳಿಗೆಯನ್ನು ನಾಳೆ ತಡೆಯಬಹುದು. ಒಮ್ಮೆ ಕೊಟ್ಟ ಡಿಪೋ ಸೂಜಿ ವಾರಗಟ್ಟಲೆ, ತಿಂಗಳುಗಟ್ಟಲೆ ಮೈಯಲ್ಲೇ ಇರುತ್ತದೆ.

ಬಿಗಿತ-ನಡುಕ ಕಂಡ ಕೂಡಲೇ 2 ಮಿ.ಗ್ರಾಂ ಟ್ರೈಹೆಕ್ಸಿಫೆನಿಡಿಲ್ ಜೋಡಿಸುವ ರೂಢಿ ನಮ್ಮಲ್ಲಿ ಬಹಳ. ಪ್ಯಾಸಿಟೇನ್ ಎಂದರೆ ಎಲ್ಲರಿಗೂ ಗೊತ್ತು. ಹರೆಯದವರಿಗೆ ಅದು ಒಗ್ಗುತ್ತದೆ. ಅಜ್ಜ-ಅಜ್ಜಿಯರಿಗೆ ಅದರಿಂದ ಮರೆವು, ಬಾಯಿ ಒಣಗುವುದು, ಮಲಬದ್ಧತೆ, ಪ್ರೊಸ್ಟೇಟ್ ದೊಡ್ಡದಿದ್ದವರಿಗೆ ಮೂತ್ರ ಕಟ್ಟುವುದು, ಕೆಲವೊಮ್ಮೆ ಸನ್ನಿ. ಟಾರ್ಡಿವ್ ಚಲನೆಗಳನ್ನಂತೂ ಅದು ಹೆಚ್ಚಿಸುತ್ತದೆ. "ಪ್ಯಾಸಿಟೇನ್ ಕೊಡೂಕಿಂತ ಮೊದಲಿನ ಗುಳಗಿನ ಕಡಿಮಿ ಮಾಡಲಿಕ್ಕೆ ಬರ್ತದೇನ್ರಿ, ಡಾಕ್ಟರೇ?" ಎಂದು ಕೇಳಿ. ಇದು ಉದ್ಧಟತನವಲ್ಲ.

ಮರೆಗುಳಿ ಕಾಯಿಲೆ ಇದ್ದರೆ

ಇಲ್ಲಿ ಎಚ್ಚರ ಇಮ್ಮಡಿ ಬೇಕು. ಮರೆಗುಳಿ ಇರುವ ವೃದ್ಧರಲ್ಲಿ ಈ ಔಷಧಗಳು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹೊಸ ಔಷಧಗಳ ಬಗ್ಗೆ 2005ರಲ್ಲಿ, ಹಳೆಯವುಗಳ ಬಗ್ಗೆ 2008ರಲ್ಲಿ ಎಚ್ಚರಿಕೆ ಕೊಟ್ಟಿತು. ಸುಮಾರು 10 ವಾರಗಳ ಪ್ರಯೋಗಗಳಲ್ಲಿ ಔಷಧ ಪಡೆದವರಲ್ಲಿ ಶೇ 4.5, ಬರೀ ಹುಸಿಗುಳಿಗೆ ಪಡೆದವರಲ್ಲಿ ಶೇ 2.6 ಮಂದಿ ತೀರಿಕೊಂಡಿದ್ದರು.

ಹಾಗಾಗಿ ಸಂಜೆ ಹೊತ್ತಿಗೆ ಕೂಗಾಡುವ, ಹೊಡೆಯಲು ಬರುವ ಅಜ್ಜನಿಗೆ ಗುಳಿಗೆ ಕೇಳುವ ಮುಂಚೆ ಇಷ್ಟನ್ನು ನೋಡಿ: ಎಷ್ಟು ದಿನದಿಂದ ಮಲವಿಸರ್ಜನೆ ಇಲ್ಲ, ಮೂತ್ರ ಉರಿಯುತ್ತಿದೆಯೇ, ಎಲ್ಲಾದರೂ ನೋವಿದೆಯೇ, ಕಿವಿಯಲ್ಲಿ ಗುಗ್ಗೆ ತುಂಬಿದೆಯೇ, ಕಣ್ಣಿನ ಪೊರೆ ಬೆಳೆದಿದೆಯೇ. ಒಂದೆರಡು ದಿನದಲ್ಲಿ ಹಠಾತ್ತನೆ ಬಂದ ಗೊಂದಲ ಬಹಳ ಸಲ ಸನ್ನಿ; ಅದರ ಕಾರಣ ಸೋಂಕು, ಸೋಡಿಯಂ ಇಳಿತ, ಹೊಸ ಔಷಧ ಹೀಗೆ ಏನೋ ಇರುತ್ತದೆ. ಎಲ್ಲ ನೋಡಿದ ಮೇಲೂ ಔಷಧ ಬೇಕಾದರೆ, ಅದನ್ನು ಯಾವಾಗ ನಿಲ್ಲಿಸುತ್ತೇವೆ ಎಂದು ಶುರು ಮಾಡುವ ದಿನವೇ ಕೇಳಿ. 4 ವಾರದಲ್ಲಿ ಗುಣ ಕಾಣದಿದ್ದರೆ ಇಳಿಸಿ ನಿಲ್ಲಿಸಬೇಕು. ಗುಣ ಕಂಡರೂ 4 ತಿಂಗಳೊಳಗೆ ಇಳಿಸಲು ಪ್ರಯತ್ನಿಸಬೇಕು. ಇದು ಮರೆಗುಳಿಗೆ ಅನ್ವಯಿಸುವ ನಿಯಮ, ಸ್ಕಿಜೋಫ್ರೇನಿಯಾಕ್ಕೆ ಅಲ್ಲ.

"ಮೂಲ್ಯಾಗ ಸಣ್ಣ ಹುಡುಗರು ಕುಂತಾರ ನೋಡು" ಎಂದು ಸ್ಪಷ್ಟ ಚಿತ್ರಗಳನ್ನು ಕಾಣುವವರು, ಒಂದು ದಿನ ಚುರುಕು ಒಂದು ದಿನ ಮಂಕಾಗುವವರು, ವರ್ಷಗಳಿಂದ ನಿದ್ದೆಯಲ್ಲಿ ಕೈಕಾಲು ಬಡಿದು ಕೂಗುತ್ತಿದ್ದವರು, ಇಂಥವರಿಗೆ ಲೆವಿ ಬಾಡಿ ಮರೆಗುಳಿ ಇರಬಹುದು. ಅವರ ಡೋಪಮಿನ್ ಕೆರೆ ಮೊದಲೇ ತಳ ಕಂಡಿರುತ್ತದೆ. ಹ್ಯಾಲೋಪೆರಿಡಾಲ್ ಒಂದೇ ಸೂಜಿ ಅವರನ್ನು ಹಾಸಿಗೆ ಹಿಡಿಸಬಹುದು, ಜೀವಕ್ಕೂ ಎರವಾಗಬಹುದು. ಬೇರೆ ದಾರಿಯಿಲ್ಲದಿದ್ದರೆ ಕ್ವಿಟಿಯಪೈನ್ ಅಥವಾ ಕ್ಲೋಜಪೈನನ್ನು ಅತಿ ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ಈ ಮೂರು ಲಕ್ಷಣಗಳಲ್ಲಿ ಯಾವುದಿದ್ದರೂ ತುರ್ತು ವಿಭಾಗದಲ್ಲಿ ಮೊದಲು ಹೇಳುವ ಮಾತು ಅದೇ ಆಗಿರಲಿ.

ಪ್ರಮಾಣ ಇಳಿಸುವಾಗ

ಇಳಿಸುವುದಕ್ಕೂ ಒಂದು ಲೆಕ್ಕವಿದೆ, ಅದು ನೇರ ಭಾಗಾಕಾರವಲ್ಲ. ರಿಸ್ಪೆರಿಡೋನ್ 6 ಮಿ.ಗ್ರಾಂ ಸುಮಾರು ಶೇ 79, 4 ಮಿ.ಗ್ರಾಂ ಶೇ 73, 2 ಮಿ.ಗ್ರಾಂ ಶೇ 66ರಷ್ಟು ಗ್ರಾಹಕ ಮುಚ್ಚುತ್ತವೆ ಎಂದು ಪೆಟ್ ಅಧ್ಯಯನಗಳಲ್ಲಿ ಕಂಡಿದೆ. ಗುಳಿಗೆ ಮೂರನೇ ಒಂದಕ್ಕೆ ಇಳಿದರೂ ಮುಚ್ಚಿಕೆ ಇಳಿದದ್ದು 13 ಅಂಕ ಮಾತ್ರ. 2ರಿಂದ ಸೊನ್ನೆಗೆ ಹೋದರೆ ಉಳಿದ 66 ಅಂಕವೂ ಧಡಕ್ಕನೆ ಹೋಗುತ್ತದೆ. ಆದ್ದರಿಂದ ಮೇಲಿನ ಮೆಟ್ಟಿಲು ದೊಡ್ಡದಿರಬಹುದು, ಕೆಳಗೆ ಬಂದಂತೆ ಸಣ್ಣದಾಗಬೇಕು: 4ರಿಂದ 3, 3ರಿಂದ 2.5, 2.5ರಿಂದ 2, ಹೀಗೆ. ಪ್ರತಿ ಮೆಟ್ಟಿಲಿನ ನಡುವೆ ಒಂದರಿಂದ ಮೂರು ತಿಂಗಳು. ಸ್ಕಿಜೋಫ್ರೇನಿಯಾದಲ್ಲಿ ಗುರಿ ಸಾಮಾನ್ಯವಾಗಿ ಪೂರ್ತಿ ಬಿಡುವುದಲ್ಲ, ವಯಸ್ಸಿಗೆ ಒಗ್ಗುವ ಪ್ರಮಾಣ ಹುಡುಕುವುದು.

ಒಂದು ಸಲಕ್ಕೆ ಒಂದೇ ಔಷಧ ಬದಲಿಸಬೇಕು. ಮನೆಯಲ್ಲಿ ಮದುವೆ, ಸಾವು, ಮನೆ ಬದಲಾವಣೆ ಇರುವ ತಿಂಗಳು ಬೇಡ. ದಿನ ಬಿಟ್ಟು ದಿನ ನುಂಗಿಸಿದರೆ ಕಡಿಮೆಯಾಯಿತು ಎಂದು ಬಹಳ ಮಂದಿ ತಿಳಿಯುತ್ತಾರೆ. ಬೇಗ ಇಳಿಯುವ ಔಷಧಗಳಲ್ಲಿ ಅದು ಒಂದು ದಿನ ಹೆಚ್ಚು, ಒಂದು ದಿನ ಇಲ್ಲ ಎಂದಾಗುತ್ತದೆ. ಕ್ಲೋಜಪೈನ್ ಅನ್ನು 48 ಗಂಟೆಗಿಂತ ಹೆಚ್ಚು ತಪ್ಪಿಸಿದರೆ ಹಳೆಯ ಪ್ರಮಾಣವನ್ನು ಮತ್ತೆ ಕೊಡಕೂಡದು. 12.5 ಮಿ.ಗ್ರಾಂನಿಂದ ಹೊಸದಾಗಿ ಏರಿಸಬೇಕು, ಕೂಡಲೇ ವೈದ್ಯರಿಗೆ ಫೋನ್ ಮಾಡಿ.

ಇಳಿಸುವಾಗ ಬಾಯಿ-ನಾಲಿಗೆ ಚಲನೆ ಕೆಲವು ವಾರ ಹೆಚ್ಚಾಗಿ ಕಾಣಬಹುದು, ಅದುವರೆಗೆ ಔಷಧವೇ ಅದನ್ನು ಮುಚ್ಚಿಟ್ಟಿರುತ್ತದೆ. ರೋಗ ಮರಳುವ ಸುಳಿವು ಮೊದಲು ನಿದ್ದೆಯಲ್ಲಿ ಕಾಣುತ್ತದೆ. ಎರಡು-ಮೂರು ರಾತ್ರಿ ಸತತ ನಿದ್ದೆ ಕಡಿಮೆ, ಆಮೇಲೆ ಒಬ್ಬರೇ ಮಾತಾಡುವುದು, ಊಟದ ಮೇಲೆ ಅನುಮಾನ. ಕಂಡರೆ ಮುಂದಿನ ತಾರೀಖಿಗೆ ಕಾಯದೆ ಹೋಗಿ. ಹಿಂದಿನ ಮೆಟ್ಟಿಲಿಗೆ ಮರಳಿದರೆ ಬಹಳ ಸಲ ಸರಿಹೋಗುತ್ತದೆ. ಬಿಗಿತ, ನಡುಕ ಕಡಿಮೆಯಾಗಲು ಮಾತ್ರ ವಾರಗಳಿಂದ ತಿಂಗಳುಗಳು ಬೇಕು. ಔಷಧ ನಿಂತು ಆರು ತಿಂಗಳಾದರೂ ಹೋಗದಿದ್ದರೆ ಒಳಗೆ ಪಾರ್ಕಿನ್ಸನ್ ರೋಗವೇ ಇತ್ತೇ ಎಂದು ನರವೈದ್ಯರು ನೋಡಬೇಕು.

ಕಾಯಬಾರದ ಹೊತ್ತು

ಜ್ವರ, ಮೈಯೆಲ್ಲ ಕಟ್ಟಿಗೆಯಂತೆ ಬಿಗಿ, ಬೆವರು, ಮಂಪರು ಒಟ್ಟಿಗೆ ಬಂದರೆ ಮುಂದಿನ ಗುಳಿಗೆ ಕೊಡದೆ 108ಕ್ಕೆ ಕರೆ ಮಾಡಿ. ಇದು ಜೀವಕ್ಕೆ ಅಪಾಯ ತರುವ ನ್ಯೂರೊಲೆಪ್ಟಿಕ್ ಮ್ಯಾಲಿಗ್ನಂಟ್ ಸಿಂಡ್ರೋಮ್ ಇರಬಹುದು. ಊಟ ಗಂಟಲಲ್ಲಿ ಸಿಕ್ಕಿ ಪದೇ ಪದೇ ಕೆಮ್ಮುವುದು, ಬಿದ್ದ ಮೇಲೆ ಕಾಲೂರಲು ಆಗದಿರುವುದು, ಎಚ್ಚರ ತಪ್ಪುವುದು, ಮೂತ್ರ ಪೂರ್ತಿ ಕಟ್ಟುವುದು, ಇವೂ ಅದೇ ದಿನ ತೋರಿಸಬೇಕಾದವು.

ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ, ಗದಗ ಮತ್ತು ಹಾವೇರಿಯ ಜಿಲ್ಲಾ ಮಟ್ಟದ ಸರಕಾರಿ ಆಸ್ಪತ್ರೆಗಳಲ್ಲಿ ತೋರಿಸಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಯಾವ ದಿನ ಬರುತ್ತದೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಬಸ್ಸು ಹಿಡಿಯಲಾಗದ ರಾತ್ರಿ ಮಾನಸಿಕ ಆರೋಗ್ಯದ ಸರಕಾರಿ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಯಾವ ದವಾಖಾನೆಗೆ ಹೋದರೂ ಸಹಿಯ ವಹಿ ಕೈಯಲ್ಲಿರಲಿ. ಅದರ ಮೊದಲ ಪುಟದಲ್ಲಿ ಇವನ್ನು ದಪ್ಪ ಅಕ್ಷರದಲ್ಲಿ ಬರೆದಿಡಿ: ವಯಸ್ಸು, ಈಗಿನ ಗುಳಿಗೆ ಮತ್ತು ಮಿ.ಗ್ರಾಂ, ಕೊನೆಯ ಸೂಜಿಯ ತಾರೀಖು, ಒಗ್ಗದ ಔಷಧ, ಕ್ರಿಯಾಟಿನಿನ್ ಅಂಕಿ, ಬೀಡಿ ಇದೆಯೋ ಇಲ್ಲವೋ.